ದಮ್ಮು ಕಲಿಸಿದ ವಸ್ತಾದರು

ಹೋದ ತಿಂಗಳು ಮುಧೋಳದ ಗಲ್ಲಿಯೊಂದರಲ್ಲಿ ನಡೆದು ಹೋಗುತ್ತಿದ್ದೆ. ಗರಡಿಮನೆಯ ಬಾಗಿಲು ತೆರೆದಿತ್ತು. ಒಳಗೆ ಮೂರ್ನಾಲ್ಕು ಜನ ಸೇರಿ ಕುಸ್ತಿಯ ಕೆಂಪು ಮಣ್ಣಿಗೆ ಎಣ್ಣೆ, ಅರಿಷಿಣ, ಹುಳಿ ಮಜ್ಜಿಗೆ ಹಾಕಿ ಕಲಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಲ್ಲೇ ನಿಂತುಬಿಟ್ಟೆ. ಹೆಂಗಸೊಬ್ಬಳು ಗರಡಿಮನೆಯ ಮುಂದೆ ಕಣ್ಣು ಮುಚ್ಚಿ ಮಣ್ಣಿನ ವಾಸನೆ ಎಳೆದುಕೊಳ್ಳುವುದನ್ನು ಅವರು ಹಿಂದೆಂದೂ ಕಂಡಿರಲಿಕ್ಕಿಲ್ಲ. "ಯಾರ ಬೇಕಾಗಿತ್ರಿ ಬಾಯಾರ?" ಎಂದು ಹಿರಿಯ ಪೈಲ್ವಾನರೊಬ್ಬರು ಕೇಳಿದರು. ನಾನು ಜಮಖಂಡಿಯ ವಸ್ತಾದರ ಬಗ್ಗೆ ವಿಚಾರಿಸಿದೆ. "ಅವರು ತೀರಿಕೊಂಡು ಎರಡ ತಿಂಗಳಾತಲ್ಲರಿ" ಎಂದರು.

ನನಗೆ ಗೊತ್ತಿರಲಿಲ್ಲ... ನಮ್ಮೂರು ಬನಹಟ್ಟಿಗೂ ಜಮಖಂಡಿಗೂ ಎಷ್ಟು ದೂರ? ಬಸ್ಸಿನಲ್ಲಿ ಒಂದು ನಿದ್ದೆ ತೆಗೆಯುವಷ್ಟೂ ಇಲ್ಲ. ಆದರೂ ಗೊತ್ತಾಗಿರಲಿಲ್ಲ.

ಕುಸ್ತಿ ಕಲಿಸುವವರಿಗೆ ನಮ್ಮ ಕಡೆ ವಸ್ತಾದ ಅನ್ನುತ್ತಾರೆ. ನನಗೂ ಕುಸ್ತಿಗೂ ಯಾವ ಸಂಬಂಧವೂ ಇಲ್ಲ. ಹುಟ್ಟುವಾಗಲೇ ನನ್ನ ಹೃದಯದಲ್ಲಿ ಒಂದು ತೂತಿತ್ತು. ಎಂಟನೆಯ ವರ್ಷಕ್ಕೆ ಆಪರೇಷನ್ ಆಗಿ ಅದು ಮುಚ್ಚಿತು, ಅವ್ವನ ಹೆದರಿಕೆ ಮಾತ್ರ ಮುಚ್ಚಲಿಲ್ಲ. ಓಡಬ್ಯಾಡ, ಹಾರಬ್ಯಾಡ, ಮಾಳಿಗೆ ಹತ್ತಬ್ಯಾಡ, ಜೋರಾಗಿ ನಗಬ್ಯಾಡ. ಓಣಿಯ ಹುಡುಗಿಯರು ಕುಂಟಾಟ ಆಡುವಾಗ ನಾನು ಕಟ್ಟೆಯ ಮೇಲೆ ಕುಳಿತು ಅವರ ಚಪ್ಪಲಿ ಕಾಯುತ್ತಿದ್ದೆ. ಅಷ್ಟು ಚಪ್ಪಲಿ ಕಾದ ಪುಣ್ಯಕ್ಕೆ ನನಗೆ ಸ್ವರ್ಗದಲ್ಲಿ ಜಾಗ ಸಿಗಬೇಕು. ಜಗತ್ತಿನಲ್ಲಿ ನನಗಿದ್ದ ಆಸೆ ಒಂದೇ, ಒಂದು ಸಲ ಜೋರಾಗಿ ಓಡಬೇಕು.

ಹನ್ನೊಂದು ವರ್ಷದವಳಿದ್ದಾಗ ಬೇಸಿಗೆ ರಜೆಯಲ್ಲಿ, ನನ್ನಂಥ ಮಕ್ಕಳಿಗಾಗಿಯೇ ಒಂದು ಶಿಬಿರ ನಡೆಯಿತು. ಗಲಗಲಿಯ ಹತ್ತಿರ, ಹೊಳೆಯಿಂದ ಅರ್ಧ ಮೈಲಿಗಿದ್ದ ಒಂದು ಕನ್ನಡ ಸಾಲಿಯಲ್ಲಿ, ಹತ್ತು ದಿನ. ಬೀಳಗಿ, ಲೋಕಾಪುರ, ಮುಧೋಳದ ಕಡೆಯಿಂದೆಲ್ಲ ಮಕ್ಕಳು ಬಂದಿದ್ದರು. ಸ್ನಾನಕ್ಕೆ ಹೋದಾಗ ನೋಡಿದರೆ ಎಲ್ಲರ ಎದೆಯ ಮೇಲೂ ನನ್ನಂಥದೇ ಗೆರೆ! ಆ ಖುಷಿಯನ್ನು ಈಗ ಯಾರಿಗೂ ತಿಳಿಸಿ ಹೇಳಲಾರೆ. ಯಾರ ಗೆರೆ ಉದ್ದ ಎಂದು ಗೇಣು ಹಾಕಿ ಅಳೆದು ಜಗಳಾಡಿದೆವು.

ಶಿಬಿರ ನಡೆಸಿದ ಡಾಕ್ಟರಮ್ಮನ ತವರು ಜಮಖಂಡಿ. ಆಟ ಆಡಿಸಲು ಮೊದಲು ಒಬ್ಬ ಡ್ರಿಲ್ ಮಾಸ್ತರರನ್ನು ಕೇಳಿದ್ದರಂತೆ. ಹೆಚ್ಚುಕಡಿಮೆಯಾದರೆ ಯಾರು ಹೊಣೆ ಎಂದು ಅವರು ಹಿಂದೆ ಸರಿದರು. ಆಗ ಡಾಕ್ಟರಮ್ಮ ತಾವು ಸಣ್ಣಂದಿನಿಂದ ನೋಡಿದ್ದ ವಸ್ತಾದರನ್ನು ಕರೆತಂದರು. ಆರಡಿ ಎತ್ತರ, ಮುದುಡಿದ ಕಿವಿ, ಬಿಳಿ ಮೀಸೆ, ಎಷ್ಟು ತೊಳೆದರೂ ಗರಡಿಮಣ್ಣಿನ ವಾಸನೆ ಬಿಡದ ಅಂಗಿ. ಮೊದಲ ದಿನ ಅವರನ್ನು ಕಂಡು ಇಬ್ಬರು ಮಕ್ಕಳು ಅತ್ತರು. ಮೂರನೆಯ ದಿನ ಅದೇ ಇಬ್ಬರು ಅವರ ಹೆಗಲ ಮೇಲಿದ್ದರು.

ಬಂದ ಕೂಡಲೇ ನರ್ಸಬಾಯಿ ನಮ್ಮ ಮುಂಗೈಗೆ ಒಂದೊಂದು ನೂಲು ಕಟ್ಟಿದ್ದಳು. ಕೆಂಪು ನೂಲಿನವರಿಗೆ ಕುಳಿತು ಆಡುವ ಆಟ, ಹಳದಿಯವರಿಗೆ ನಡಿಗೆ, ಹಸಿರಿನವರು ಓಡಬಹುದು. ನನಗೆ ಹಳದಿ ಬಂತು. ಅಲ್ಲಿಗೆ ಬಂದರೂ ನನ್ನ ಹಣೆಬರಹ ಚಪ್ಪಲಿ ಕಾಯುವುದೇ ಆಯಿತಲ್ಲ ಎಂದು ಸಿಟ್ಟು ನೆತ್ತಿಗೇರಿತು. ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಔಷಧಿಯ ಡಬ್ಬಿಯ ಪಕ್ಕದಲ್ಲಿದ್ದ ಹಸಿರು ನೂಲಿನ ಉಂಡೆಯಿಂದ ಒಂದು ತುಂಡು ಹರಿದುಕೊಂಡೆ. ಹಳದಿಯನ್ನು ಕಿತ್ತು, ಹಲ್ಲಿನಿಂದ ಒಂದು ತುದಿ ಹಿಡಿದು, ಇದನ್ನು ಕಟ್ಟಿಕೊಂಡೆ. ನಮ್ಮದು ಮಗ್ಗದ ಮನೆ. ಎಳೆ ಹರಿದರೆ ಮಗ್ಗ ನಿಲ್ಲುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಗಂಟು ಹಾಕಬೇಕು, ಆ ಗಂಟು ಸೀರೆಯ ಮೇಲೆ ಕೈಯಾಡಿಸಿದರೂ ಸಿಗಬಾರದು. ಅಕ್ಷರ ಕಲಿಯುವ ಮೊದಲೇ ನಾನು ಅದನ್ನು ಕಲಿತಿದ್ದೆ.

ಮರುದಿನ ಬೆಳಿಗ್ಗೆ ಹಸಿರಿನವರ ಸಾಲಿನಲ್ಲಿ ನಿಂತೆ. ವಸ್ತಾದರು ದಿನವೂ ಒಬ್ಬೊಬ್ಬರ ಕೈ ಹಿಡಿದು, ನಾಡಿ ನೋಡಿ ಮುಂದಕ್ಕೆ ಬಿಡುತ್ತಿದ್ದರು. ನನ್ನ ಕೈಯನ್ನು ಮಾತ್ರ ಬಹಳ ಹೊತ್ತು ಹಿಡಿದರು. ನೂಲನ್ನು ಸುತ್ತಲೂ ತಿರುಗಿಸಿ ತಿರುಗಿಸಿ ಗಂಟು ಹುಡುಕಿದರು.

"ನರ್ಸಬಾಯಿ ಗಂಟು ಕಡ್ಲಿಕಾಳಿನಷ್ಟ ಇರತೈತಿ. ಇಷ್ಟ ಛಂದ ಗಂಟು ಹಾಕಾಕ ಮಗ್ಗದ ಮನ್ಯಾಗ ಹುಟ್ಟಬೇಕು. ಬನಹಟ್ಟ್ಯಾಕಿ ಹೌದಿಲ್ಲ ತಂಗಿ?"

ಕೆಟ್ಟದಾಗಿ ಗಂಟು ಹಾಕಿದ್ದರೆ ಪಾರಾಗುತ್ತಿದ್ದೆ. ನಮ್ಮವರಿಗೆ ಕೆಟ್ಟ ಗಂಟು ಹಾಕಲು ಬಂದರೆ ತಾನೆ! ಸುಳ್ಳು ಹೇಳಿದವರನ್ನು ಮನೆಗೆ ಕಳಿಸುತ್ತೇವೆಂದು ಮೊದಲ ದಿನವೇ ಹೇಳಿದ್ದರು. ನಾನು ಅಲ್ಲೇ ಕುಳಿತು ಅಳತೊಡಗಿದೆ. ಅವರು ಬೈಯಲಿಲ್ಲ. ಕೈ ಹಿಡಿದುಕೊಂಡು ಸೀದಾ ಡಾಕ್ಟರಮ್ಮನ ಹತ್ತಿರ ಕರೆದೊಯ್ದರು.

ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಕೇಳಿದರು, ಕಾಗದಗಳನ್ನು ತಿರುವಿ ಹಾಕಿದರು. "ಇಕಿ ಹಾರ್ಟ್ ಛಲೋ ಐತಲ್ಲ! ಇಕಿಗೆ ಹಳದಿ ಯಾಕ ಕಟ್ಟೀರಿ?" ಎಂದು ನರ್ಸಬಾಯಿಯನ್ನು ಕೇಳಿದರು. ಅವಳು ತಲೆ ತಗ್ಗಿಸಿದಳು. ಬಿಡಲು ಬಂದ ದಿನ ನನ್ನ ಅವ್ವ ಅವಳ ಎರಡೂ ಕೈ ಹಿಡಿದು, ಇರುವುದು ಒಬ್ಬಳೇ ಮಗಳು, ಹಸಿರು ಕಟ್ಟಬೇಡಿ ಎಂದು ಅತ್ತಿದ್ದಳಂತೆ. ನನ್ನನ್ನು ಕಟ್ಟೆಯ ಮೇಲೆ ಕೂರಿಸಿದ್ದು ನನ್ನ ಕಾಯಿಲೆಯೆಂದೇ ನಾನು ಮೂರು ವರ್ಷ ತಿಳಿದಿದ್ದೆ.

ಇನ್ನೇನು ಓಡಬಹುದಲ್ಲ ಎಂದು ನಾನು ಕುಣಿದೆ. ವಸ್ತಾದರು ಅಡ್ಡ ಬಂದರು. "ಅವ್ವನ ಕಣ್ಣ ತಪ್ಪಿಸಿ ಓಡಿದ್ರ, ಮನಿಗಿ ಹೋದಮ್ಯಾಲ ಮತ್ತ ಮೂಲ್ಯಾಗ ಕುಂಡ್ರಬೇಕಾಕ್ಕತಿ. ಕಡೀ ದಿನ ಅಕಿ ಬರತಾಳ. ಅಕಿನ ಓಡಂತ ಹೇಳಲಿ" ಎಂದರು. ಅಂಥ ಮನುಷ್ಯನ ಮೇಲೆ ಸಿಟ್ಟು ಬಾರದೆ ಇದ್ದೀತೆ? ಒಂದು ಹೊತ್ತು ಊಟ ಬಿಟ್ಟೆ. ಅವರು ಪಕ್ಕದಲ್ಲೇ ಕುಳಿತು ಎರಡು ರೊಟ್ಟಿ ಹೆಚ್ಚು ತಿಂದರು.

ಉಳಿದ ದಿನಗಳಲ್ಲಿ ಅವರು ನನಗೆ ಕಲಿಸಿದ್ದು ಒಂದೇ ವಿದ್ಯೆ, ಕುಳಿತುಕೊಳ್ಳುವುದು! ಬಿರಬಿರನೆ ನಡೆಸುವರು. ಉಸಿರು ಸಣ್ಣಗಾಗುತ್ತಿದೆ ಅನ್ನಿಸಿದ ಕೂಡಲೇ ಯಾರೂ ಹೇಳದೆ ನಾನೇ ಕೂರಬೇಕು. ಕುಸ್ತಿಯ ಮಾತಿನಲ್ಲಿ ಉಸಿರಿನ ಆ ಕಸುವಿಗೆ ದಮ್ಮು ಎನ್ನುತ್ತಾರೆ. "ದಮ್ಮ ಹೋದಮ್ಯಾಲ ಎಲ್ಲಾರೂ ಕುಂಡ್ರತಾರ. ಹೋಗೂಕಿಂತ ಮದಲ ಕುಂಡ್ರಾಂವ ಪೈಲ್ವಾನ" ಅನ್ನುವರು. ಸರಿಯಾಗಿ ಕುಳಿತವರಿಗೆ ಒಂದು ನೆನೆಸಿದ ಬದಾಮಿ. ಕೊನೆಕೊನೆಗೆ ಬದಾಮಿಯ ಆಸೆಗೆ ನಾವೆಲ್ಲ ಎರಡು ಹೆಜ್ಜೆಗೊಮ್ಮೆ ಕೂರತೊಡಗಿದಾಗ ಹೊಟ್ಟೆ ಹಿಡಿದು ನಕ್ಕರು... ಆ ನಗು ಈಗಲೂ ಕೇಳಿಸುತ್ತದೆ.

ಕೊನೆಯ ದಿನ ತಂದೆತಾಯಂದಿರು ಬಂದರು. ಸಾಲಿಯ ಕಟ್ಟೆಯಿಂದ ಬೇವಿನ ಗಿಡದವರೆಗೆ ಓಟ. ವಸ್ತಾದರು ಅವ್ವನ ಮುಂದೆ ನಿಂತು, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿ, ಇನ್ನು ನೀವು ಹೇಳಿದರೆ ಮಾತ್ರ ಇವಳು ಓಡುತ್ತಾಳೆ ಎಂದರು.

"ಆಪರೇಷನ್ ಖೋಲಿ ಹೊರಗ ಒಮ್ಮೆ ಕುಂತೇನ್ರಿ. ಇನ್ನೊಮ್ಮೆ ಕುಂಡ್ರಾಕ ನನ್ನ ಕಡಿಂದ ಆಗೂದಿಲ್ಲ" ಎಂದಳು ಅವ್ವ.

ವಸ್ತಾದರು ಮತ್ತೆ ಒತ್ತಾಯಿಸಲಿಲ್ಲ. ಹಸಿರು ನೂಲಿನವರು ಸಾಲಾಗಿ ನಿಂತರು. ನಾನು ಅವ್ವನ ಮುಖ ನೋಡುತ್ತಾ ನಿಂತೆ. ಬಹಳ ಹೊತ್ತಾದ ಮೇಲೆ ಅವ್ವ ಹೋಗಿ ಬೇವಿನ ಗಿಡದ ಕೆಳಗೆ ನಿಂತಳು. ನನ್ನ ಕಡೆ ತಿರುಗಿ ತಲೆಯ ಮೇಲೆ ಕೈಯೆತ್ತಿ ಬೀಸಿದಳು. ಮಗ್ಗದ ಸದ್ದಿನಲ್ಲಿ ಮಾತು ಕೇಳದಾಗ, ಬಾ ಎಂದು ಕರೆಯುವ ಸನ್ನೆ ಅದು.

ಓಡಿದೆ. ಕಿವಿಯಲ್ಲಿ ಗಾಳಿ ಸುಂಯ್ ಅನ್ನುವುದು ಎಂದರೇನೆಂದು ಅಂದು ತಿಳಿಯಿತು. ಅರ್ಧ ದಾರಿಯಲ್ಲಿ ಉಸಿರು ಸಣ್ಣಗಾಯಿತು. ಕಲಿಸಿದ ಹಾಗೆ ಪಟ್ಟನೆ ಕುಳಿತುಬಿಟ್ಟೆ.

ಅವ್ವ ಚಿಟ್ಟನೆ ಚೀರಿ ಓಡಿಬಂದಳು. ಮಗ್ಗದ ಮನೆಯವರಿಗೆ ಮೆಲ್ಲಗೆ ಮಾತಾಡಿ ರೂಢಿಯಿಲ್ಲ. ಅದರಲ್ಲೂ ಅವ್ವನ ದನಿ ಅಂದು ಹೊಳೆಯ ಆಚೆಗೂ ಕೇಳಿಸಿರಬೇಕು. "ನಿಮ್ಮ ಹೊಟ್ಟ್ಯಾಗ ಹುಟ್ಟಿದ ಕೂಸಿದ್ರ ಹಿಂಗ ಓಡಸ್ತಿದ್ರೇನು? ಮಕ್ಕಳಿಲ್ಲದವರಿಗೇನ ಗೊತ್ತು ಇದರ ಸಂಕಟ!" ಎಂದು ಅಷ್ಟು ಜನರ ಮುಂದೆ ವಸ್ತಾದರಿಗೆ ಅಂದುಬಿಟ್ಟಳು. ಅವರಿಗೆ ಮಕ್ಕಳಿರಲಿಲ್ಲ. ಅದನ್ನು ಅವ್ವನಿಗೆ ಯಾರೋ ಅಂದೇ ಬೆಳಿಗ್ಗೆ ಹೇಳಿದ್ದರು. ವಸ್ತಾದರು ಕೈ ಮುಗಿದು ನಿಂತರು.

ಅಷ್ಟರಲ್ಲಿ ನನ್ನ ಉಸಿರು ಸರಿಯಾಗಿತ್ತು. ನನಗೆ ಬಂದದ್ದು ಕೆಟ್ಟ ಸಿಟ್ಟು. "ಯವ್ವಾ, ಹಿಂದಕ ಹೋಗಿ ನಿಂದರ ಬೇ! ನಾ ಇನ್ನೂ ಗಿಡ ಮುಟ್ಟಿಲ್ಲ" ಎಂದು ಕೂಗಿದೆ. ಅವ್ವ ನನ್ನನ್ನೇ ನೋಡಿದಳು. ಆಮೇಲೆ ನನ್ನ ಮೇಲಿನ ಕಣ್ಣು ತೆಗೆಯದೆ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಾ ಗಿಡದ ಕೆಳಗೆ ಹೋಗಿ ನಿಂತಳು. ನಾನು ಎದ್ದು ಓಡಿ ಮುಟ್ಟಿದೆ. ಎಲ್ಲರಿಗಿಂತ ಕಡೆಯವಳು ನಾನೇ. ಅಷ್ಟು ಸುಖ ಆಮೇಲೆ ಯಾವ ಮೊದಲ ನಂಬರಿಗೂ ಆಗಿಲ್ಲ.

ಆ ದಿನದ ನಂತರ ಅವ್ವ ನನಗೆ ಓಡಬ್ಯಾಡ ಅನ್ನಲಿಲ್ಲ. ಮುಂದಿನ ವರ್ಷ ಡಾಕ್ಟರಮ್ಮ ಬೇರೆ ಊರಿಗೆ ಹೋದರು, ಶಿಬಿರ ನಿಂತಿತು. ವಸ್ತಾದರನ್ನು ಒಮ್ಮೆ ಜಮಖಂಡಿಯ ಸಂತೆಯಲ್ಲಿ ದೂರದಿಂದ ಕಂಡೆವು. ನಾನು ಕೂಗುವುದರೊಳಗೆ ಅವ್ವ ಕೈ ಜಗ್ಗಿದಳು. ಯಾವ ಮುಖ ತೋರಿಸಲಿ ಎಂದಳು. ಮುಂದಿನ ಸಲ ಮಾತಾಡಿಸಿದರಾಯಿತು ಅಂದುಕೊಂಡೆವು... ಹಾಗೆ ಅಂದುಕೊಳ್ಳುತ್ತಲೇ ನನ್ನ ಕಾಲೇಜು ಮುಗಿಯಿತು, ಕೆಲಸ ಸಿಕ್ಕಿತು, ಮದುವೆಯೂ ಆಯಿತು.

ಮುಧೋಳದಿಂದ ಸುದ್ದಿ ತಂದ ಮರುದಿನ ಅವ್ವ ತಾನೇ ಸೀರೆಯುಟ್ಟು ಜಮಖಂಡಿಗೆ ಹೊರಟು ನಿಂತಳು. ವಸ್ತಾದರು ತಮ್ಮನ ಮನೆಯಲ್ಲಿ ಇದ್ದರಂತೆ. ಪಡಸಾಲೆಯಲ್ಲಿ ಅವರ ಫೋಟೊ ಇಟ್ಟಿದ್ದರು. ನಾವು ಯಾರೆಂದು ನಾನು ಹೇಳುತ್ತಿರುವಾಗಲೇ ಅವ್ವ ಫೋಟೊದ ಮುಂದೆ ಹೋಗಿ ಕೈ ಮುಗಿದಳು.

"ವಸ್ತಾದ್ರ, ಅವತ್ತ ನಾ ಅಂದಿದ್ದು ತಪ್ಪಾತ್ರಿ. ಮನಸಿನ್ಯಾಗ ಇಟಗೋಬ್ಯಾಡ್ರಿ."

ಅದೇ ಮಗ್ಗದ ಮನೆಯ ದನಿ. ಒಳಗಿನಿಂದ ಹೆಂಗಸರು ಗಾಬರಿಯಾಗಿ ಹೊರಗೆ ಬಂದರು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ತಮ್ಮನ ಹೆಂಡತಿ ನಮ್ಮನ್ನು ಕೂರಿಸಿ ಚಹಾ ಕೊಟ್ಟರು. ಆಮೇಲೆ ಅವ್ವನ ಕಡೆ ತಿರುಗಿ ಹೇಳಿದರು.

"ಕಡೀಕ ಭಾವನವರಿಗೆ ಕಿವಿ ಪೂರಾ ಮಂದ ಆಗಿದ್ವರಿ. ನಾವು ಯಾರು ಏನಂದ್ರೂ ಕೇಳ್ತಿದ್ದಿಲ್ಲ. ನೀವು ಬಂದು ಈ ದನಿಲೆ ಮಾತಾಡಿದ್ರ ಕೇಳತಿತ್ತು ನೋಡ್ರಿ."

ಅವ್ವ ಕಪ್ಪನ್ನು ಕೆಳಗಿಟ್ಟಳು. ಎದ್ದು ಮತ್ತೆ ಫೋಟೊದ ಮುಂದೆ ಹೋಗಿ ನಿಂತಳು.