ಬೆಕ್ಕಿನ ಮುಖಾಂತರ

ಹೋದ ವಾರ ನಮ್ಮ ಹಿತ್ತಲ ಬಾಗಿಲಿಗೆ ಬೆಕ್ಕಿನ ಕಂಡಿ ಕೊರೆಸಿದೆವು. ಮಗಳು ಮೊಬೈಲಿನಲ್ಲಿ ನೋಡಿ ತರಿಸಿದ್ದು. ಪ್ಲಾಸ್ಟಿಕ್ಕಿನ ಚೌಕಟ್ಟು, ಅದಕ್ಕೆ ಒಳಗೂ ಹೊರಗೂ ತೂಗಾಡುವ ಒಂದು ಪುಟ್ಟ ಬಾಗಿಲು. ಸೊಲ್ಲಾಪುರದ ಈ ಮನೆ ಕಟ್ಟುವಾಗ ಸಾಗವಾನಿ ಕೈಗೆಟುಕದೆ ಹಿಂದಿನ ಬಾಗಿಲಿಗೆ ಬೇವಿನ ಹಲಗೆ ಹಾಕಿಸಿದ್ದೆವು. ಬಡಗಿಯ ಮಿಷನ್ ಗರಗಸ ಅದರೊಳಗೆ ಇಳಿದಾಗ ಕಹಿಯಾದ, ಸ್ವಲ್ಪ ಸುಟ್ಟಂಥ ವಾಸನೆ ಅಡಿಗೆಮನೆ ತುಂಬ ಹಬ್ಬಿತು. ಮಗಳು ಮೂಗಿಗೆ ದುಪಟ್ಟಾ ಹಿಡಿದುಕೊಂಡಳು. ನಾನು ಸೌಟು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟೆ. ಆ ವಾಸನೆ ನನಗೆ ಹೊಸದಾಗಿರಲಿಲ್ಲ. ಎಷ್ಟೋ ವರ್ಷಗಳ ಹಿಂದೆ, ಅಕ್ಕಲಕೋಟದಲ್ಲಿ, ಕಾಕುವಿನ ತಲೆಬಾಗಿಲ ಮುಂದೆ...

ಕಾಕು ನನಗೆ ಸಂಬಂಧಿಕರೇನಲ್ಲ. ಮದುವೆಯಾದ ಹೊಸದರಲ್ಲಿ ನಮ್ಮವರು ಅಕ್ಕಲಕೋಟದ ಎಸ್ಟಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ದೇವಸ್ಥಾನದ ಹಿಂದಿನ ಓಣಿಯಲ್ಲಿ ಎರಡು ಖೋಲಿ ಬಾಡಿಗೆಗೆ ಹಿಡಿದಿದ್ದೆವು. ನಮ್ಮ ಗೋಡೆಗೆ ಹತ್ತಿಕೊಂಡೇ ಅವರ ಮನೆ. ಚಿಕ್ಕಪ್ಪನ ಹೆಂಡತಿಯನ್ನು ಮರಾಠಿಯವರು ಕಾಕು ಅನ್ನುತ್ತಾರೆ. ಓಣಿಯ ಮರಾಠಿಯವರು ಹಾಗೆ ಕರೆಯುತ್ತಿದ್ದರು, ಕನ್ನಡದ ನಾವೂ ಹಾಗೇ ಕರೆದೆವು. ಹಿಂದಿನ ಅಡಿಗೆಮನೆಯಲ್ಲಿ ಕೂತು ದಿನವಿಡೀ ಶೇಂಗಾ ಹುರಿದು, ಒರಳಲ್ಲಿ ಕುಟ್ಟಿ ಚಟ್ನಿ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದರು. ಖಾರಪುಡಿಗೆ ಅವರ ಅಂಗೈ ಯಾವಾಗಲೂ ಕೆಂಪಗೆ ಇರುತ್ತಿತ್ತು. ನೋಡಲು ಗಟ್ಟಿಮುಟ್ಟು, ಮಾತಿನಲ್ಲಿ ಖಾರ, ನಗುವುದು ಅಪರೂಪ.

ಮನೆಯಲ್ಲಿದ್ದವರು ಇಬ್ಬರೇ, ಕಾಕು ಮತ್ತು ಅವರ ಅತ್ತೆ. ಅತ್ತೆಯನ್ನು ಓಣಿಯವರೆಲ್ಲ ಆಯಿ ಅನ್ನುತ್ತಿದ್ದರು. ಆಯಿಯ ಕಣ್ಣು ಬಹುತೇಕ ಹೋಗಿದ್ದವು. ತಲೆಬಾಗಿಲ ಒಳಗೇ ಹಾಸಿದ ಚಾದರದ ಮೇಲೆ ಕೂತಿರುತ್ತಿದ್ದರು. ಈ ಅತ್ತೆಗೂ ಸೊಸೆಗೂ ವರ್ಷಗಳಿಂದ ಮಾತಿರಲಿಲ್ಲ.

ಕಾರಣ ಓಣಿಗೆಲ್ಲ ಗೊತ್ತಿತ್ತು. ಕಾಕುವಿನ ಗಂಡ ಇನ್ನೂ ವಯಸ್ಸಿನಲ್ಲೇ ಎದೆ ಹಿಡಿದುಕೊಂಡು ತೀರಿಕೊಂಡಾಗ, ಹೆಣದ ಮುಂದೆ, ನೆರೆದವರೆಲ್ಲ ಕೇಳುವಂತೆ ಆಯಿ ಸೊಸೆಗೆ, ನನ್ನ ಮಗನನ್ನು ನುಂಗಿದವಳು ನೀನೇ ಅಂದುಬಿಟ್ಟರಂತೆ. ಸಂಕಟದಲ್ಲಿ ಬಾಯಿಗೆ ಬಂದದ್ದು ಎಂದು ಹಿರಿಯರು ಸಮಾಧಾನ ಹೇಳಿದರು. ಕಾಕು ಕೇಳಲಿಲ್ಲ. ಆ ಮಾತನ್ನು ಆಯಿ ತಮ್ಮ ಬಾಯಿಂದಲೇ ಹಿಂದಕ್ಕೆ ತೆಗೆದುಕೊಳ್ಳುವ ತನಕ ತಾನು ಅವರ ಜೊತೆ ಮಾತಾಡುವುದಿಲ್ಲ ಎಂದು ಎಲ್ಲರೆದುರಿಗೆ ಹೇಳಿಬಿಟ್ಟರು. ಆಯಿಯೂ ಅಂಥದೇ ಜಾತಿಯ ಗಟ್ಟಿ ಕಾಳು, ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕಾಕು ತವರಿಗೆ ಹೋಗಬಹುದಿತ್ತು, ಹೋಗಲಿಲ್ಲ. ಹೊತ್ತು ಹೊತ್ತಿಗೆ ಊಟ, ಬಿಸಿನೀರು, ವಾರಕ್ಕೊಮ್ಮೆ ತಲೆಗೆ ಎಣ್ಣೆ, ಎಲ್ಲ ನಡೆದುಕೊಂಡು ಬಂದಿತ್ತು. ಮಾತೊಂದೇ ನಿಂತಿದ್ದು.

ಮಾತಿಲ್ಲದೆ ಒಂದು ಮನೆ ಹೇಗೆ ನಡೆಯುತ್ತದೆ ಎಂದು ನನಗೆ ಮೊದಮೊದಲು ಸೋಜಿಗ. ಆಮೇಲೆ ಗೊತ್ತಾಯಿತು, ಅದು ಬೆಕ್ಕಿನ ಮುಖಾಂತರ ನಡೆಯುತ್ತಿತ್ತು. ಬೂದಿ ಬಣ್ಣದ ಒಂದು ಹೆಣ್ಣು ಬೆಕ್ಕು. ಹೆಸರಿರಲಿಲ್ಲ. ಕಾಕು ತಾಟು ತಂದಿಡುವಾಗ ಅದರ ಕಡೆ ತಿರುಗಿ, "ಏ ಬೆಕ್ಕ, ನಿಮ್ಮ ಮುದುಕಿಗೆ ಹೇಳು, ಮುಂದ ತಾಟ ಇಟ್ಟೀನಿ, ಬಲಕ್ಕ ನೀರು ಐತಿ" ಅನ್ನುತ್ತಿದ್ದರು. ಆಯಿ ಅದರ ಬೆನ್ನು ಸವರುತ್ತ, ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎಂದು ಅವಳಿಗೆ ಹೇಳು ಅನ್ನುತ್ತಿದ್ದರು. ಬೆಕ್ಕು ಎರಡೂ ಕಡೆಯದನ್ನು ಕೇಳಿಸಿಕೊಂಡು ಕಣ್ಣು ಮುಚ್ಚುತ್ತಿತ್ತು. ಬೆಕ್ಕೇ ಯಾಕೆ, ಗೋಡೆಗೆ ಹೇಳಿದರೂ ನಡೆಯುತ್ತಿತ್ತಲ್ಲ ಎಂದು ನಾನು ಒಮ್ಮೆ ಕೇಳಿಯೇ ಬಿಟ್ಟೆ. ಕಾಕು ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿದರು.

"ಗ್ವಾಡಿ ಜೋಡಿ ಮಾತಾಡಾಕ ನನಗೇನು ಹುಚ್ಚು ಹಿಡದೈತೇನು ತಂಗಿ?"

ಆ ವರ್ಷ ಓಣಿಯ ತುದಿಗೆ ದರ್ಶನಕ್ಕೆ ಬರುವವರಿಗಾಗಿ ಒಂದು ಲಾಜ್ ಆಯಿತು. ಉಳಿದ ಅನ್ನವನ್ನು ಹಿಂದೆ ಚೆಲ್ಲತೊಡಗಿದರು, ನಾಯಿಗಳು ಹೆಚ್ಚಿದವು. ಒಂದು ಮಧ್ಯಾಹ್ನ ಒಂದು ನಾಯಿ ನೇರ ಕಾಕುವಿನ ಮನೆಗೆ ನುಗ್ಗಿ ಆಯಿಯ ತಾಟಿನೊಳಗಿನ ಜೋಳದ ಭಾಕ್ರಿಗೆ ಬಾಯಿ ಹಾಕಿತು. ಗಾಬರಿಯಾಗಿ ಎದ್ದ ಆಯಿ ಬಿದ್ದು ಸೊಂಟ ಉಳುಕಿಸಿಕೊಂಡರು. ಅವತ್ತಿನಿಂದ ಹಗಲೆಲ್ಲ ಬಾಯಿ ತೆರೆದುಕೊಂಡಿರುತ್ತಿದ್ದ ತಲೆಬಾಗಿಲಿಗೆ ಚಿಲಕ ಬಿತ್ತು.

ಚಿಲಕ ಬಿದ್ದದ್ದು ನಾಯಿಗೆ, ಹೊರಗೆ ಉಳಿದದ್ದು ಬೆಕ್ಕು. ಅದು ಬಂದು ಬಾಗಿಲ ಮುಂದೆ ಕೂಗುತ್ತಿತ್ತು. ಹಿಂದೆ ಒರಳಿನ ಸದ್ದಿನಲ್ಲಿ ಕಾಕುವಿಗೆ ಕೇಳುತ್ತಿರಲಿಲ್ಲ. ಕೇಳಿದ ಆಯಿಗೆ ಏಳಲು ಆಗುತ್ತಿರಲಿಲ್ಲ. ಕೂಗಿ ಕೂಗಿ ಬೇಸತ್ತು ಅದು ನಮ್ಮ ಅಡಿಗೆಮನೆಗೆ ಬರತೊಡಗಿತು. ನಾನು ಹಾಲು ಹಾಕಿದೆ, ಅದು ಉಳಿದುಕೊಂಡಿತು.

ಆ ಮನೆಯಲ್ಲಿ ಏನಾಗುತ್ತಿದೆ ಎಂದು ನನಗೆ ತಿಳಿದದ್ದು ಒಂದು ಸಂಜೆ ಮೊಸರು ಕೇಳಲು ಹೋದಾಗ. ಆಯಿಯ ಪಕ್ಕದಲ್ಲಿ ಮಧ್ಯಾಹ್ನದ ತಾಟು ಹಾಗೇ ಇತ್ತು, ಭಾಕ್ರಿಗೆ ಇರುವೆ ಮುತ್ತಿತ್ತು. ಕಾಕು ಇಟ್ಟು ಹೋಗಿದ್ದರು, ಇಟ್ಟಿದ್ದೇನೆ ಎಂದು ಹೇಳಿಸಲು ಬೆಕ್ಕಿರಲಿಲ್ಲ. ತಾಟನ್ನು ನೆಲಕ್ಕೆ ಕುಟ್ಟಿ ಸದ್ದು ಮಾಡಿದ್ದೆ ಅಂದರು ಕಾಕು. ಸದ್ದು ಮಾಡಿದರೆ ಉಣ್ಣಲು ನಾನೇನು ನಾಯಿಯೇ ಎಂದು ಆಯಿ ನನ್ನನ್ನು ಕೇಳಿದರು. ಮುದುಕಿ ನಾಲ್ಕೈದು ದಿನದಿಂದ ಅರೆಹೊಟ್ಟೆಯಲ್ಲಿದ್ದರು. ಕಾಕುವಿನ ಮುಖ ನೋಡಿದೆ. ಕುಟ್ಟಿದ ಖಾರಕ್ಕೋ ಏನೋ, ಕಣ್ಣು ಕೆಂಪಾಗಿದ್ದವು.

ಮರುದಿನವೇ ಅವರು ಬಡಗಿಯನ್ನು ಕರೆಸಿದರು. ಮಾತಾಡುವುದಕ್ಕಿಂತ ತಲೆಬಾಗಿಲನ್ನು ಕೊರೆಸುವುದು ಅವರಿಗೆ ಸುಲಭ ಅನಿಸಿತ್ತು. ಈಗ ಯೋಚಿಸಿದರೆ ನಗು ಬರುತ್ತದೆ, ಆಗ ನಮಗ್ಯಾರಿಗೂ ಬರಲಿಲ್ಲ. ಬಾಗಿಲ ಕೆಳಭಾಗದಲ್ಲಿ, ನಾಯಿಯ ತಲೆ ತೂರದಷ್ಟು ಸಣ್ಣದೊಂದು ಕಂಡಿ. ಅದಕ್ಕೆ ಮುಚ್ಚಳವಾಗಿ ನಮ್ಮವರು ಡಿಪೋದಿಂದ ಹಳೆ ಟ್ಯೂಬಿನ ರಬ್ಬರ್ ತರುವುದೆಂದು ಮಾತಾಯಿತು.

ಬಡಗಿ ಬಂದ, ಅಳತೆ ಹಿಡಿದ, ಪೆನ್ಸಿಲ್ಲಿನಿಂದ ಗೆರೆ ಎಳೆದ. ಆಮೇಲೆ ಗರಗಸವನ್ನು ಪಕ್ಕಕ್ಕಿಟ್ಟು ಕೂತುಬಿಟ್ಟ. ಹಿರಿಯರು ಹೂಂ ಅನ್ನದೆ ತಲೆಬಾಗಿಲಿಗೆ ಗರಗಸ ಹಾಕುವ ರೂಢಿ ತಮ್ಮಲ್ಲಿಲ್ಲ ಅಂದ. ನಮ್ಮ ಕಡೆ ತಲೆಬಾಗಿಲ ಚೌಕಟ್ಟು ನಿಲ್ಲಿಸುವಾಗ ಪೂಜೆ ಮಾಡಿ, ಕಾಯಿ ಒಡೆದು, ಬಡಗಿಗೆ ಟೋಪಿ-ಟಾವೆಲ್ ಕೊಟ್ಟು ನಿಲ್ಲಿಸುತ್ತಾರೆ. ಈ ಬಾಗಿಲು ನಿಲ್ಲಿಸಿದ್ದು ಅವನ ಅಪ್ಪ, ಬೇವಿನ ಮರ ಕೊಟ್ಟದ್ದು ಭಂಡಾರಕವಠೆಯಲ್ಲಿದ್ದ ಆಯಿಯ ತವರುಮನೆ. ಹಿರಿಯರು ಅಂದರೆ ಆ ಮನೆಯಲ್ಲಿ ಇದ್ದದ್ದು ಒಬ್ಬರೇ, ಮತ್ತು ಅವರು ಬಾಗಿಲ ಒಳಗೇ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

ಕಾಕು ನನ್ನ ಮುಖ ನೋಡಿದರು. ನಾನು ಒಳಗೆ ಹೋಗಿ, ಕೊರೆಸಬಹುದೇ ಎಂದು ಆಯಿಯನ್ನು ಕೇಳಿದೆ.

"ಬಾಗಲಾ ನಿನ್ನದಲ್ಲವ್ವ" ಅಂದರು ಆಯಿ. "ಯಾರಿಗೆ ಬೇಕಾಗೈತಿ ಅವರು ಕೇಳಲಿ."

ಬೆಕ್ಕನ್ನು ತರಲೇ ಎಂದು ನಾನು ಮೆಲ್ಲಗೆ ಕಾಕುವನ್ನು ಕೇಳಿದೆ. ಅವರು ಬೇಡವೆಂದು ತಲೆಯಾಡಿಸಿದರು. ಬಡಗಿಗೆ ಕೊಟ್ಟ ಚಹಾ ಮುಗಿಯಿತು, ಅವನು ಎಲೆ-ಅಡಿಕೆ ಹಾಕಿಕೊಂಡ. ಓಣಿಯ ಒಂದಿಬ್ಬರು ಹೆಂಗಸರು ಕೊಡ ಹಿಡಿದುಕೊಂಡು ನಿಂತರು. ಕಾಕು ಹೊಸ್ತಿಲ ಹೊರಗೆ ನಿಂತು, ಬಾಗಿಲ ಮೇಲಿನ ಪೆನ್ಸಿಲ್ ಗೆರೆಯನ್ನೇ ನೋಡುತ್ತ, ಸೆರಗಿಗೆ ಕೈ ಒರೆಸುತ್ತಲೇ ಇದ್ದರು... ಕೊನೆಗೆ ಬಾಯಿ ಬಿಟ್ಟರು.

"ಬಾಗಲಾ ಕೊರಸ್ಲೇನ್ರಿ?"

ಅತ್ತೆ ಎಂದು ಕರೆಯಲಿಲ್ಲ. ಒಳಗೆ ಆಯಿ ತಮ್ಮ ಚಾದರದ ಅಂಚು ಸರಿಮಾಡಿಕೊಂಡರು.

"ಸಣ್ಣದು ಕೊರಸು. ಚಳಿಗಾಲದಾಗ ಗಾಳಿ ಬರ್ತೈತಿ."

ಬಡಗಿ ಗರಗಸ ಎತ್ತಿಕೊಂಡ. ಬೇವಿನ ಪುಡಿ ಉದುರಿತು, ಕಹಿ ವಾಸನೆ ಎದ್ದಿತು. ಆಮೇಲೆ ಓಣಿಯ ಹೆಂಗಸರು ಅಂತೂ ಮಾತಾಡಿದಿರಲ್ಲ ಎಂದು ಕೆಣಕಿದಾಗ ಕಾಕು ಒಪ್ಪಲಿಲ್ಲ. ತಾನು ಮುದುಕಿಯನ್ನು ಕೇಳಲಿಲ್ಲ, ಬಾಗಿಲನ್ನು ನೋಡಿ ಕೇಳಿದ್ದು ಅಂದರು.

ಕಂಡಿಯೇನೋ ಆಯಿತು, ಬೆಕ್ಕು ಒಪ್ಪಲಿಲ್ಲ. ರಬ್ಬರ್ ದಪ್ಪವಾಗಿತ್ತು, ಟೈರಿನ ವಾಸನೆ ಬೇರೆ. ಮೂಗು ತಾಗಿಸಿ, ಸೀನಿ, ನಮ್ಮ ಮನೆಗೇ ವಾಪಸು ಬರುತ್ತಿತ್ತು. ಅದಕ್ಕೆ ಕಲಿಸಬೇಕಾಯಿತು. ಹಾಗಾಗಿ ಒಂದು ವಾರ ಮಧ್ಯಾಹ್ನದ ಹೊತ್ತು ಕಾಕು ಬೆಕ್ಕನ್ನು ಹಿಡಿದುಕೊಂಡು ಹೊರಗೆ ಕೂರುತ್ತಿದ್ದರು. ಒಳಗೆ ಆಯಿ ತೆವಳಿಕೊಂಡು ಬಾಗಿಲಿಗೆ ಬಂದು ಹಾಲಿನ ಬಟ್ಟಲು ಹಿಡಿದು ಕೂರುತ್ತಿದ್ದರು. ನಾನು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ನೋಡುತ್ತಿದ್ದೆ.

"ದೂಡು."

"ದೂಡಾಕತ್ತೀನ್ರಿ, ಒಲ್ಲಂತೈತಿ."

"ಮೂತಿ ಹಿಡೀಬ್ಯಾಡ. ಹಿಂದಿಂದ ದೂಡು."

ಬೆಕ್ಕೇ ಕೆಲಸವಾಗಿದ್ದಾಗ ಬೆಕ್ಕಿಗೆ ಹೇಳಿ ಕಳಿಸಲು ಬರುವಂತಿರಲಿಲ್ಲ. ಮಾತು ಮೆಲ್ಲಗೆ ಬೆಕ್ಕನ್ನು ಬಿಟ್ಟು ಬೇರೆ ಕಡೆಗೂ ಹೋಯಿತು. ಶೇಂಗಾ ಇವತ್ತು ಕಂದಿದ ವಾಸನೆ ಬರುತ್ತಿದೆ ಎಂದು ಒಳಗಿಂದ. ಬೆಂಕಿ ಜೋರಾಗಿತ್ತು ಎಂದು ಹೊರಗಿಂದ. ಸೊಂಟ ಹೇಗಿದೆ ಎಂದು ಹೊರಗಿಂದ. ಎಣ್ಣೆ ಹಚ್ಚಿದರೆ ತಡೆಯುತ್ತದೆ ಎಂದು ಒಳಗಿಂದ. ಇಬ್ಬರ ನಡುವೆ ಮುಚ್ಚಿದ ಬಾಗಿಲು, ಅದರ ಕೆಳಗೆ ಗೇಣಗಲದ ಕಂಡಿ. ಬಾಗಿಲು ತೆರೆದು ಎದುರಾ ಬದುರಾ ಕೂರಿ ಎಂದು ಹೇಳಬೇಕೆನಿಸುತ್ತಿತ್ತು, ಹೇಳಲಿಲ್ಲ. ತೆರೆದರೆ ಎಲ್ಲಿ ನಿಂತುಹೋಗುತ್ತದೋ ಎಂಬ ಅಂಜಿಕೆ.

ವಾರ ಕಳೆಯುವಷ್ಟರಲ್ಲಿ ಬೆಕ್ಕು ಕಲಿತುಬಿಟ್ಟಿತು. ತಲೆಯಿಂದ ರಬ್ಬರ್ ಸರಿಸಿ, ಒಳಗೆ ಹೋಗಿ, ಆಯಿಯ ತೊಡೆಯೇರಿತು. ಮರುದಿನ ಗೋಡೆಯಾಚೆಯಿಂದ ಕಾಕುವಿನ ದನಿ ಕೇಳಿತು, ಏ ಬೆಕ್ಕ, ನಿಮ್ಮ ಮುದುಕಿಗೆ ಹೇಳು... ನನಗೆ ಸಿಟ್ಟೇ ಬಂತು. ಆ ಕಂಡಿಗೆ ಒಂದು ಹಲಗೆ ಬಡಿದು ಬರೋಣವೇ ಅನಿಸಿತು. ಆದರೆ ಮುದುಕಿ ಹೊಟ್ಟೆತುಂಬ ಉಣ್ಣುತ್ತಿದ್ದರು. ಅಷ್ಟರಮಟ್ಟಿಗೆ ಕಂಡಿ ಕೆಲಸ ಮಾಡಿತ್ತು.

ಮುಂದೆ ನಮಗೆ ಸೊಲ್ಲಾಪುರಕ್ಕೆ ಬದಲಿಯಾಯಿತು. ಹಬ್ಬಕ್ಕೋ ದರ್ಶನಕ್ಕೋ ಅಕ್ಕಲಕೋಟಕ್ಕೆ ಹೋದರೆ ಕಾಕುವಿನ ಮನೆಗೆ ಹೋಗಿ ಬರುತ್ತಿದ್ದೆ. ಆ ಬೆಕ್ಕು ಹೋಗಿ ಅದರ ಮಗಳು ಬಂದಿತ್ತು, ಅದೂ ಹೋಗಿ ಅದರ ಮಗಳು. ತಾಯಿಯಿಂದ ಕಲಿತವೋ ಏನೋ, ಎಲ್ಲವೂ ಕಂಡಿಯಿಂದಲೇ ಓಡಾಡುತ್ತಿದ್ದವು. ಮನೆಯ ಮಾತುಕತೆಯೂ ಹಾಗೇ ನಡೆದಿತ್ತು.

ಆಮೇಲೆ ಕಾಕುವಿನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಸೊಲ್ಲಾಪುರದ ಒಂದು ದವಾಖಾನೆಗೆ ತಂದು ಸೇರಿಸಿದರು. ದುಧನಿಯಿಂದ ಅವರ ತಂಗಿ ಬಂದು ಜೊತೆಗಿದ್ದಳು. ಊರಲ್ಲಿ ಆಯಿಗೆ ಪಕ್ಕದ ಮನೆಯವರು ಅಡಿಗೆ ಮಾಡಿ ಕೊಡುತ್ತಿದ್ದರು. ನಾನು ನೋಡಲು ಹೋದಾಗ ಕಾಕು ಅರ್ಧಕ್ಕರ್ಧ ಇಳಿದುಹೋಗಿದ್ದರು. ಅಂಗೈಯ ಕೆಂಪು ಹೋಗಿತ್ತು, ಅದೊಂದು ನೋಡಲಾಗಲಿಲ್ಲ. ತಮ್ಮ ರೋಗದ ಸುದ್ದಿ ಎತ್ತಲಿಲ್ಲ. ಊರಿಗೆ ಹೋಗಿ, ಮುದುಕಿ ಉಣ್ಣುತ್ತಿದ್ದಾಳೋ ಇಲ್ಲವೋ ನೋಡಿ ಬಾ ಎಂದು ಕೇಳಿಕೊಂಡರು.

ಮರುದಿನ ಬೆಳಗಿನ ಎಸ್ಟಿಗೆ ಹೋದೆ. ಆಯಿ ಅದೇ ಜಾಗದಲ್ಲಿ ಕೂತಿದ್ದರು. ದನಿಯಿಂದಲೇ ಗುರುತು ಹಿಡಿದರು, ಕೂರು ಅಂದರು. ಸೊಸೆ ಹೇಗಿದ್ದಾಳೆ ಎಂದು ಕೇಳಲಿಲ್ಲ. ನಾನು ಭಾಕ್ರಿ ಹಾಲಿನಲ್ಲಿ ಕಿವುಚಿ ಕೊಟ್ಟೆ, ಅರ್ಧ ಉಂಡರು. ರಬ್ಬರ್ ಸರಿಸಿಕೊಂಡು ಬೆಕ್ಕು ಒಳಗೆ ಬಂತು. ಆಯಿ ಅದನ್ನು ತೊಡೆಯ ಮೇಲೆ ಎಳೆದುಕೊಂಡು ಬೆನ್ನು ಸವರಿದರು. ಆಮೇಲೆ, ನನ್ನ ಕಡೆ ಮುಖ ತಿರುಗಿಸದೆ, ಅದಕ್ಕೆ ಹೇಳಿದರು.

"ಏ ಬೆಕ್ಕ, ಅಕಿಗೆ ಹೇಳು. ಅವತ್ತು ನಾ ಅಂದದ್ದು ತಪ್ಪಾಗೈತಿ. ನನ್ನ ಮಗನ್ನ ಅಕಿ ನುಂಗಿಲ್ಲ. ಅಂವನ ಆಯುಷ್ಯ ಅಷ್ಟಽ ಇತ್ತು. ಹೇಳು."

ಬೆಕ್ಕು ಏಳಲಿಲ್ಲ. ಒಯ್ಯಬೇಕಾದವರು ಯಾರು ಎಂದು ನನಗೆ ತಿಳಿಯಿತು. ಸಿಕ್ಕ ಮೊದಲ ಬಸ್ಸಿಗೆ ಹತ್ತಿದೆ. ದಾರಿಯುದ್ದಕ್ಕೂ ನನಗೊಂದು ಅನುಮಾನ. ಕಾಕುವಿನ ಹಟ ನನಗೆ ಗೊತ್ತಿತ್ತು. ಬೆಕ್ಕಿಗೆ ಹೇಳಿದರೆ ನನಗೆ ಹೇಳಿದಂತಾಯಿತೇ ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರೆ?

ಆಯಿ ಅಂದದ್ದನ್ನು ಅಂದ ಹಾಗೇ, ಬೆಕ್ಕಿಗೆ ಹೇಳಿದ್ದು ಎಂಬುದನ್ನೂ ಮುಚ್ಚಿಡದೆ, ದವಾಖಾನೆಯಲ್ಲಿ ಕಾಕುವಿನ ಕಿವಿಯ ಹತ್ತಿರ ಬಾಗಿ ಹೇಳಿದೆ. ಕಾಕು ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತ ಮಲಗಿದ್ದರು. ಕೇಳಿತೋ ಇಲ್ಲವೋ ಎಂದು ಮತ್ತೊಮ್ಮೆ ಹೇಳಲು ಹೊರಟೆ. ಅವರು ಕೈ ಎತ್ತಿ ತಡೆದರು.

"ಬೆಕ್ಕಿಗೆ ಹೇಳ್ಯಾರಲ್ಲ. ಮುಟ್ಟಿತು." ಎತ್ತಿದ ಕೈ ಇಳಿಸಿ, "ಅತ್ತಿ ಉಂಡಾರೇನು?" ಅಂದರು.

ಅವರ ಬಾಯಲ್ಲಿ ಅತ್ತಿ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅರ್ಧ ಭಾಕ್ರಿ ಉಂಡರು ಅಂದೆ. ಅವರಿಗೆ ಅರ್ಧ ಸಾಲುವುದಿಲ್ಲ ಎಂದು ಕಾಕು ಗೊಣಗಿದರು. ಗುಣವಾಗಿ ಊರಿಗೆ ಹೋದ ಮೇಲೆ ತಾವೇ ಉಣಿಸುವುದಾಗಿ ತಂಗಿಗೆ ಹೇಳಿದರಂತೆ. ಆ ವಾರವೇ ದವಾಖಾನೆಯಲ್ಲೇ ತೀರಿಕೊಂಡರು. ಮುದುಕಿ ಅವರ ಹಿಂದೆಯೇ, ವರ್ಷ ತುಂಬುವ ಮೊದಲೇ ಹೋದರು. ಮನೆಯನ್ನು ಯಾರೋ ಕೊಂಡು ಕೆಡವಿದರು. ಬಾಗಿಲು ಎಲ್ಲಿ ಹೋಯಿತೋ ಗೊತ್ತಿಲ್ಲ.

ಇಷ್ಟು ದಿನ ನಾನು ಇದನ್ನು ಒಂದು ತಮಾಷೆಯ ಕಥೆಯಂತೆ ಎಲ್ಲರಿಗೂ ಹೇಳಿಕೊಂಡು ಬಂದವಳು. ಬೆಕ್ಕಿನ ಕೈಯಲ್ಲಿ ಸಂಸಾರ ಮಾಡಿದ ಅತ್ತೆ ಸೊಸೆ ಎಂದರೆ ಕೇಳಿದವರು ನಗುತ್ತಾರೆ, ನಾನೂ ನಗುತ್ತೇನೆ. ಇವತ್ತು ಮಗಳು ಅದನ್ನೇ ಹೇಳು ಎಂದು ಕೇಳಿದಾಗ ಹೇಳಲು ಹೋಗಿ ದವಾಖಾನೆಯ ತನಕ ಬಂದು ನಿಂತುಬಿಟ್ಟೆ. ಆ ಇಬ್ಬರೂ ಮಾತಾಡಬಹುದಾಗಿದ್ದ ವರ್ಷಗಳೆಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು... ಮಗಳು ಆಮೇಲೇನಾಯಿತು ಅಂದಳು. ಆಮೇಲೆ ಏನೂ ಇಲ್ಲ ಅಂದೆ. ಮಾತು ಮುಟ್ಟಿತು, ಆಡುವವರು ಉಳಿಯಲಿಲ್ಲ.