ದೋಸೆ ನಿಲ್ಲಿಸಿದ ಅಧ್ಯಕ್ಷರು

ತೊಂಬತ್ತರ ದಶಕದಲ್ಲಿ ಪರದೇಶದಲ್ಲಿ ನಾವು ನೆಲೆಸಿದ್ದ ಗಿರಾವೀನ್ ಬಡಾವಣೆಯ ನಮ್ಮ ಪುಟ್ಟ ಫುಟ್‌ಬಾಲ್ ಕ್ಲಬ್ಬಿಗೆ ನಾನು ಕೊಟ್ಟದ್ದು ನನ್ನ ಹಳೆಯ ವ್ಯಾನು. ಬದಲಿಗೆ ಆಟಗಾರರ ಬೆನ್ನ ಮೇಲೆ ನನ್ನ ಅಂಗಡಿಯ ಹೆಸರು ಹಾಕಿಸಲು ಅಧ್ಯಕ್ಷರು ಒಪ್ಪಿದ್ದರು. ಪಂದ್ಯಕ್ಕೆ ಅಷ್ಟೊಂದು ಜನ ಸೇರುತ್ತಿದ್ದರು.

ಅಧ್ಯಕ್ಷರು ಪ್ರತಿ ಶನಿವಾರ ಟೈ ಕಟ್ಟಿ, ಊದುವ ಹಕ್ಕಿಲ್ಲದ ಸೀಟಿಯೊಂದನ್ನು ಕೊರಳಿಗೆ ನೇತುಹಾಕಿಕೊಂಡು ಮೈದಾನ ಸುತ್ತುತ್ತಿದ್ದರು. ತಂಡ ಒಂದು ಡಿವಿಷನ್ ಮೇಲೇರಿದ್ದೇ ತಡ, "ಇನ್ಮೇಲೆ ಪ್ರೊಫೆಷನಲ್ ಆಗ್ಬೇಕು ಸಾರ್" ಎಂದು ಎಲ್ಲರಿಗೂ ಹೇಳತೊಡಗಿದರು. ಮೊದಲ ಬಲಿ, ಮೈದಾನದ ಗೆರೆಯ ಪಕ್ಕದಲ್ಲಿ ಕ್ಲಬ್ಬಿಗಾಗಿ ದೋಸೆ ಮಾರುತ್ತಿದ್ದ ಉಡುಪಿ ಆಂಟಿಯ ಕಾವಲಿ.

"ದೋಸೆ ವಾಸನೆ ಬರೋ ಟೀಮನ್ನ ಯಾರು ಸೀರಿಯಸ್ಸಾಗಿ ತಗೋತಾರೆ?" ಎಂದರು.

"ಜನ ಆಟಕ್ಕೆ ಬೆನ್ನು ಹಾಕಿ ಕಾವಲಿ ನೋಡ್ಕೊಂಡು ನಿಲ್ಲುದು ಮಾರಾಯ್ರೆ. ಗೋಲಾದ್ರೆ ಅವರಿಗೆ ನಾನೇ ಹೇಳ್ಬೇಕು!" ಎಂದರು ಆಂಟಿ.

"ಅವರೆಲ್ಲ ನಮ್ಮ ಫ್ಯಾನ್ಸು ಆಂಟಿ," ಎಂದು ಅಧ್ಯಕ್ಷರು ಟೈ ಸರಿಮಾಡಿಕೊಂಡರು.

ಮುಂದಿನ ಶನಿವಾರ ಫ್ಯಾನ್ಸು ಬಂದರು, ಕಾವಲಿ ಹುಡುಕಿದರು, ಹೊರಟುಹೋದರು. ಮೈದಾನದ ಬಾಡಿಗೆ ಹುಟ್ಟುತ್ತಿದ್ದುದೇ ದೋಸೆಯಿಂದ. ಆ ಸೀಸನ್ನಿಗೇ ಕ್ಲಬ್ಬು ಮುಚ್ಚಿತು. ಕೊನೆಯ ಪಂದ್ಯದಲ್ಲಿ ನನ್ನ ಅಂಗಡಿಯ ಹೆಸರು ಓದಿದವನು ಎಲ್ಲರ ಬೆನ್ನ ಹಿಂದೆ ನಿಂತಿದ್ದ ನಮ್ಮದೇ ಗೋಲ್‌ಕೀಪರ್ ಒಬ್ಬನೇ.

ನೀವೂ ಕ್ಲಬ್ಬು ಕಟ್ಟಲು ಹೊರಟಿದ್ದರೆ, ಜನ ಯಾಕೆ ಬರುತ್ತಾರೆಂದು ಮೊದಲು ಅವರನ್ನೇ ಕೇಳಿ. ಉತ್ತರ ಅವಮಾನವೆನಿಸಿದರೂ ಅದನ್ನೇ ಬಿಸಿಬಿಸಿಯಾಗಿ ಮಾರಿ.