ಮರುದೇವಮ್ಮನ ಜೀವಂತ ಕಲ್ಲು

ಚನ್ನರಾಯಪಟ್ಟಣದ ಸ್ಟೀಲ್ ಪಾತ್ರೆ ಅಂಗಡಿಯ ಮರುದೇವಮ್ಮನನ್ನು ಚೌಕಾಸಿಯಲ್ಲಿ ಸೋಲಿಸಿದವರು ಇನ್ನೂ ಹುಟ್ಟಿಲ್ಲ. ಅಂಥ ಮರುದೇವಮ್ಮ ಐವತ್ತು ದಾಟಿದ ಮೇಲೆ ಎರಡು ಕಿತ್ತಳೆ ಬಣ್ಣದ ಸಮುದ್ರದ ಮೀನುಗಳಿಗೆ ಮನಸೋತು, ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಉಪ್ಪುನೀರಿನ ಗಾಜಿನ ತೊಟ್ಟಿ ಇಡಿಸಿದರು. ನಡುವೆ ಒಂದು ಕಡಲ ಕಲ್ಲು. ಅದರ ತೂತುಗಳಲ್ಲಿರುವ ಸಣ್ಣ ಸಣ್ಣ ಜೀವಗಳೇ ನೀರನ್ನು ಶುದ್ಧವಾಗಿಡುವುದರಿಂದ ಅದಕ್ಕೆ ಜೀವಂತ ಕಲ್ಲು ಎನ್ನುತ್ತಾರೆ.

ಆ ಕಲ್ಲಿಗೆ ಪಾಚಿ ಹತ್ತಿತು. ಮೊದಲು ಹಸಿರು ಮಚ್ಚೆ, ಆಮೇಲೆ ಉದ್ದನೆಯ ಗಡ್ಡ. "ತಪ್ಪಾಯ್ತು ಕಣವ್ವಾ, ನೀನೂ ಜೀವಾನೇ" ಎನ್ನುತ್ತಲೇ ಮರುದೇವಮ್ಮ ಅದನ್ನು ಬ್ರಷ್ಷಿನಿಂದ ಉಜ್ಜಿದರು. ಪಾಚಿ ಕ್ಷಮಿಸಿತೋ ಏನೋ, ವಾರದೊಳಗೆ ವಾಪಸ್ ಬಂತು.

ಗಂಡ ಪದ್ಮಕುಮಾರ್ ಅಂಗಡಿಯ ದೊಡ್ಡ ಹಂಡೆಯನ್ನೇ ಕೆಳಗಿಳಿಸಿಟ್ಟರು. "ತೊಟ್ಟಿ ಮಾರಿದ ಹಾಸನದವನೇ ಕಲ್ಲು ಕುದಿಸಿಬಿಡಿ ಅಂದವ್ನೆ. ದೀಪಾವಳಿಗೆ ಅಂಗಡಿ ತೊಳೆಯೋ ಹೊತ್ಗೆ ಹಸಿರು ಓಗ್ದಿದ್ರೆ, ಕಲ್ಲು ಹಂಡೆಗೇ ಕಣೇ."

"ಅಷ್ಟೊಂದು ಜೀವ ಬೇಯಿಸ್ತೀರೇನ್ರೀ?" ಮರುದೇವಮ್ಮ ಹಂಡೆಗೂ ತೊಟ್ಟಿಗೂ ನಡುವೆ ಅಡ್ಡ ನಿಂತರು. ನೀರನ್ನೂ ಬಟ್ಟೆಯಲ್ಲಿ ಸೋಸಿ ಕುಡಿಯುವ ಜೈನರ ಮನೆ ಅದು.

ಭಾದ್ರಪದದಲ್ಲಿ ಬರುವ ಹತ್ತು ದಿನಗಳ ದಶಲಕ್ಷಣ ಪರ್ವದಲ್ಲಿ ಉಪವಾಸವಿದ್ದು ತೊಟ್ಟಿಯ ಮುಂದೆ ಕೂತಾಗ ಅವರ ಕಣ್ಣು ತೆರೆಯಿತು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ, ಮೀನಿಗೂ ಕೊಡುವುದಿಲ್ಲ. ಪಾಪ, ರಾತ್ರಿ ಹಸಿದಾವು ಎಂದು ಮರುದೇವಮ್ಮ ದಿನವೂ ಸಂಜೆಯೇ ಒಂದು ಹಿಡಿ ಹೆಚ್ಚಿಗೆ ಸುರಿಯುತ್ತಿದ್ದರು. ಮೀನುಗಳು ಒಂದಿಷ್ಟು ತಿಂದು ಮುಖ ತಿರುಗಿಸುತ್ತಿದ್ದವು. ಉಳಿದದ್ದು ಕಲ್ಲಿನ ಸಂದಿಗಳಲ್ಲಿ ಕೊಳೆಯುತ್ತಿತ್ತು. ಪಾಚಿ ದಟ್ಟವಾಗಿದ್ದುದೂ ಅಲ್ಲೇ.

"ಅಯ್ಯೋ ನನ್ನ ಬುದ್ಧಿಗಿಷ್ಟು! ಪಾಚಿ ಸಾಕಿದ್ದು ನಾನೇ!" ನಾಚಿಕೆಯೂ ಆಯಿತು, ನಗುವೂ ಬಂತು.

ಅಂದಿನಿಂದ ಮೀನಿಗೆ ಚಿಟಿಕೆ ಆಹಾರ. ತಾವು ಉಪವಾಸವಿರುವ ಅಷ್ಟಮಿ, ಚತುರ್ದಶಿಗೆ ಅದೂ ಇಲ್ಲ. ಬೆಳಕೂ ಪಾಚಿಗೆ ಊಟವೇ ಎಂದು ಸಂಜೆಯಾದರೆ ತೊಟ್ಟಿಯ ದೀಪ ಬಂದ್. ಉಜ್ಜುವುದನ್ನು ಬಿಡಲಿಲ್ಲ, ಕ್ಷಮೆ ಕೇಳುವುದನ್ನೂ ಬಿಡಲಿಲ್ಲ. ಗಡ್ಡ ತೆಳ್ಳಗಾಯಿತು, ಉದುರಿತು. ದೀಪಾವಳಿಯ ಹೊತ್ತಿಗೆ ಕಲ್ಲಿನ ಮೇಲೆ, ಅದು ಆರೋಗ್ಯವಾಗಿದೆ ಎನ್ನುವ ಗುರುತಾದ ನೇರಳೆ ಬಣ್ಣ ಮೂಡಿತ್ತು. ಗೆದ್ದರು ಮರುದೇವಮ್ಮ! ಕುದಿಸಲೆಂದು ಇಳಿಸಿಟ್ಟ ಹಂಡೆಯನ್ನು ಮೊದಲು ಬಂದ ಗಿರಾಕಿಗೇ, ಒಂದು ಪೈಸೆ ಬಿಡದೆ ಮಾರಿದರು.

ಮುಂದಿನ ಚತುರ್ದಶಿಯ ಬೆಳಗ್ಗೆ ನೋಡಿದರೆ, ಮದುವೆಯಾದಾಗಿನಿಂದ ಒಂದು ಉಪವಾಸವನ್ನೂ ಪೂರ್ತಿ ಮಾಡದ ಪದ್ಮಕುಮಾರ್ ಮೀನಿನ ಆಹಾರದ ಡಬ್ಬಿ ಹಿಡಿದು ನಿಂತಿದ್ದಾರೆ.

"ಹಸ್ಕೊಂಡವೆ ಕಣೇ, ಪಾಪ."

"ಅವೆರಡೂ ಉಪವಾಸ, ನಾನೂ ಉಪವಾಸ. ನಿಮ್ದು?"

ಪದ್ಮಕುಮಾರ್ ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ ಎದುರಿನ ಹೋಟೆಲಿನಿಂದ ತರಿಸಿದ್ದ ಇಡ್ಲಿ ಪೊಟ್ಟಣವನ್ನೂ ಮೆಲ್ಲಗೆ ಪಕ್ಕಕ್ಕೆ ಸರಿಸಿದರು.